ನಲವತ್ತೊಂಬತ್ತು ಓಮ್

ಬೆಲಿದೋಲ್ ಪೇಟೆಯ ವಿದ್ಯುತ್ ಕಚೇರಿಯಲ್ಲಿ ವೆಲಿಕಾ ಅಳತೆಯ ಕೆಲಸದವಳು. ನಾನು ಲೈನುಗಳ ನಕ್ಷೆ ಬರೆಯುವವಳು. ಹದಿನಾರು ವರ್ಷ ಒಂದೇ ಕೋಣೆಯಲ್ಲಿ, ಒಂದೇ ಕಬ್ಬಿಣದ ಒಲೆಗೆ ಬೆನ್ನು ಕಾಯಿಸಿಕೊಂಡು ಕೆಲಸ ಮಾಡಿದೆವು. ಆಕೆ ನನಗಿಂತ ಹತ್ತು ವರ್ಷ ದೊಡ್ಡವಳು. ಗಿಡ್ಡ ಮೈಕಟ್ಟು, ಕಾಲಿಗೆ ಗಂಡಸರ ಬೂಟು, ಕಿವಿಯ ಹಿಂದೆ ಯಾವಾಗಲೂ ಒಂದು ಮೋಟು ಪೆನ್ಸಿಲು. ಗಂಡ ಗಣಿಯಲ್ಲಿ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ.

ಊರಿನವರಿಗೆ ಆಕೆಯ ಮೇಲೆ ಗೌರವವಿತ್ತು, ಸಣ್ಣದೊಂದು ಅಂಜಿಕೆಯೂ ಇತ್ತು. ಕಂಬದ ಪೆಟ್ಟಿಗೆಯ ಬಾಗಿಲು ತೆಗೆದು, ಮೀಟರಿನ ಮುಳ್ಳು ನೋಡಿ, ತಂತಿಯ ಆ ತುದಿಯಲ್ಲಿ ಏನಿದೆ ಎಂದು ಹೇಳಿಬಿಡುತ್ತಿದ್ದಳು. ಅದರಲ್ಲಿ ಮಾಟವೇನೂ ಇರಲಿಲ್ಲ. ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದರೆ ಆ ತುದಿಯ ವಸ್ತು ಎಷ್ಟು ತಡೆ ಒಡ್ಡುತ್ತಿದೆ ಎಂಬುದು ಓಮ್‌ಗಳಲ್ಲಿ ಸಿಗುತ್ತದೆ. ಎರಡನ್ನೂ ಗುಣಿಸಿದರೆ ಎಷ್ಟು ವಾಟ್ ಉರಿಯುತ್ತಿದೆ ಎಂಬುದು ಸಿಗುತ್ತದೆ. ಶಾಲೆಯ ಮಕ್ಕಳೂ ಮಾಡುವ ಲೆಕ್ಕ. ಆದರೆ ಬೇರೆಯವರು ಮುಖ ನೋಡಿ ಮನುಷ್ಯರನ್ನು ಗುರುತಿಸಿದ ಹಾಗೆ ವೆಲಿಕಾ ಆ ಎರಡು ಅಂಕಿ ನೋಡಿ ಗುರುತಿಸುತ್ತಿದ್ದಳು.

ಒಮ್ಮೆ ಚರ್ಚಿನ ಹಿಂದಿನ ಓಣಿಯ ಕೊನೆಯ ಕಂಬದ ಹತ್ತಿರ ನಿಂತು, ಇನ್ನೂರಿಪ್ಪತ್ತು ವೋಲ್ಟು, ಸೊನ್ನೆ ಬಿಂದು ಹದಿನೆಂಟು ಆಂಪಿಯರು ಎಂದು ಬರೆದುಕೊಂಡಳು. ಆ ಕಂಬದಿಂದ ಕರೆಂಟು ಹೋಗುತ್ತಿದ್ದದ್ದು ಗಡಿಯಾರ ರಿಪೇರಿಯ ಮೆತೊದಿಯ ಮನೆಗೆ ಮಾತ್ರ. ಗುಣಿಸಿದರೆ ನಲವತ್ತು ವಾಟ್. ಅಂದರೆ ಒಂದೇ ಒಂದು ಬಲ್ಬು. ಮರುದಿನವೂ ಅಷ್ಟೇ. ಅದರ ಮರುದಿನ ಬೆಳಿಗ್ಗೆ ಬಿಸಿಲಿನಲ್ಲೂ ಅಷ್ಟೇ. ಮೆತೊದಿಯ ಕೈ ಬಿಗಿ, ಹಗಲು ಬಲ್ಬು ಹಚ್ಚುವವನಲ್ಲ. ಆಕೆ ಹೋಗಿ ಬಾಗಿಲು ಬಡಿದಳು, ಆಮೇಲೆ ಪಕ್ಕದವರನ್ನು ಕರೆದು ಒಡೆಸಿದಳು. ಮುದುಕ ಮೇಜಿನ ಮೇಲೆ ತಲೆಯಿಟ್ಟು ಮೂರು ದಿನದ ಹಿಂದೆಯೇ ಹೋಗಿದ್ದ. ಅಂದಿನಿಂದ ಕೆಲವು ಹೆಂಗಸರು ವೆಲಿಕಾ ತಮ್ಮ ಕಂಬದ ಹತ್ತಿರ ಬಂದರೆ ಕಿಟಕಿ ಮುಚ್ಚುತ್ತಿದ್ದರು.

ಬೆಟ್ಟದ ಮೇಲಿನ ಸ್ಕಾಲಿತ್ಸಾ ಹಳ್ಳಿ ಖಾಲಿಯಾದದ್ದು ಎಪ್ಪತ್ತೆರಡರ ಬೇಸಿಗೆಯಲ್ಲಿ. ಗುಡ್ಡ ಜಾರತೊಡಗಿತ್ತು, ರಸ್ತೆ ಸೀಳಿತ್ತು, ಗೋಡೆಗಳಲ್ಲಿ ತೋಳು ಹೋಗುವಷ್ಟು ಬಿರುಕು. ನಲವತ್ತು ಮನೆಯವರನ್ನೂ ಕೆಳಗಿನ ಹೊಸ ಕಟ್ಟಡಗಳಿಗೆ ತಂದರು, ಕೆಲವರು ದೂರದ ಪೇಟೆಗಳಿಗೆ ಹೋದರು. ವೆಲಿಕಾಳಿಗೆ ಆ ಹಳ್ಳಿ ತವರು. ತಾಯಿಯಿಲ್ಲದ ಆಕೆಯನ್ನು ಸಾಕಿದವಳು ಸೋದರತ್ತೆ ಸ್ತಾನಾ. ಹಳ್ಳಿ ಬಿಡುವ ಯೋಗ ಸ್ತಾನಾಳಿಗೆ ಬರಲಿಲ್ಲ. ಅದೇ ವರ್ಷ ಫೆಬ್ರವರಿಯಲ್ಲಿ ತೀರಿಕೊಂಡಿದ್ದಳು. ಮನೆಗೆ ಬೀಗ ಹಾಕಿ ಕೀಲಿಯನ್ನು ತಂದವಳು ವೆಲಿಕಾಳೇ.

ಹಳ್ಳಿಗೆ ಹೋಗುವ ಲೈನು ಬೆಟ್ಟದ ಬುಡದಲ್ಲಿ, ಸೇತುವೆಯ ಪಕ್ಕದ ಟ್ರಾನ್ಸ್‌ಫಾರ್ಮರ್ ಗೂಡಿನಿಂದ ಹೊರಡುತ್ತಿತ್ತು. ಚಳಿಗಾಲಕ್ಕೆ ಮೊದಲು ಅದನ್ನು ಬಿಚ್ಚಬೇಕೆಂದು ತೀರ್ಮಾನವಾಗಿತ್ತು. ಅಷ್ಟರಲ್ಲಿ ಕಚೇರಿಯ ಮುಖ್ಯಸ್ಥ ನೈದೆನ್‌ಗೆ ಅನುಮಾನ ಬಂತು. ಜನರಿಲ್ಲದ ಹಳ್ಳಿಯ ಮೀಟರು ಇನ್ನೂ ತಿರುಗುತ್ತಿದೆ, ಎಲ್ಲೋ ಸೋರುತ್ತಿದೆ, ಹೋಗಿ ನೋಡು ಎಂದು ವೆಲಿಕಾಳನ್ನು ಕಳಿಸಿದ.

ನವೆಂಬರ್ ಮೊದಲ ವಾರ, ಮಧ್ಯಾಹ್ನ. ಸೇತುವೆಯಿಂದಾಚೆ ಮಂಜು, ಮೇಲೆ ಹಳ್ಳಿ ಇದೆಯೆಂಬುದೇ ಕಾಣುತ್ತಿರಲಿಲ್ಲ. ವೆಲಿಕಾ ಗೂಡಿನೊಳಗೆ ಹೋಗಿ ಹಳ್ಳಿಯ ಫ್ಯೂಸ್ ಕಿತ್ತು, ಆ ಜಾಗಕ್ಕೆ ತನ್ನ ಮೀಟರು ಸೇರಿಸಿದಳು. ಮುಳ್ಳು ಸೊನ್ನೆ ಬಿಂದು ಇಪ್ಪತ್ತೇಳಕ್ಕೆ ಎದ್ದಿತು. ಕಂಬದ ಮೇಲೆ ತಂತಿ ಹಿಡಿಯುವ ಪಿಂಗಾಣಿ ಒದ್ದೆಯಾಗಿ ಸೋರುತ್ತಿರಬೇಕು ಎಂದುಕೊಂಡಳು. ಮನಸ್ಸಿನಲ್ಲೇ ಹತ್ತು ಎಣಿಸುವಷ್ಟರಲ್ಲಿ ಮುಳ್ಳು ಸೊನ್ನೆಗೆ ಬಿತ್ತು.

ಕಾಲು ಗಂಟೆ ಕಾದಳು. ಅಲ್ಲಾಡಲಿಲ್ಲ. ಮೀಟರು ಕಳಚಿ, ಫ್ಯೂಸ್ ಹಾಕಿ, ಹೊರಗೆ ಕೂತು ಒಂದು ಸೇಬು ತಿಂದಳು. ಮತ್ತೆ ಒಳಗೆ ಹೋಗಿ ಮೀಟರು ಸೇರಿಸಿದಳು. ಮತ್ತೆ ಇಪ್ಪತ್ತೇಳು, ಮತ್ತೆ ಹತ್ತು ಎಣಿಸುವುದರೊಳಗೆ ಸೊನ್ನೆ.

ಆಗ ಆಕೆಗೆ ಹೊಳೆಯಿತು. ಫ್ಯೂಸ್ ಕಿತ್ತು ಮೀಟರು ಹಾಕುವಾಗ ಒಂದು ಕ್ಷಣ ಕರೆಂಟು ಹೋಗಿ ಬರುತ್ತದೆ. ಒದ್ದೆ ಪಿಂಗಾಣಿಗೆ ಅದು ಗೊತ್ತಾಗುವುದಿಲ್ಲ. ಮೇಲೆ ಇದ್ದದ್ದೇನೋ, ತನ್ನ ಬಲ್ಬು ಒಮ್ಮೆ ಮಿಣುಕಿದ್ದನ್ನು ನೋಡಿ, ಕೆಳಗೆ ಯಾರೋ ಬಂದಿದ್ದಾರೆಂದು ತಿಳಿದು, ಆರಿಸುತ್ತಿತ್ತು.

ಆಕೆ ಕಚೇರಿಗೆ ಮರಳಿದಳು. ಇನ್ನೊಂದು ದಿನ ಅಳೆಯಬೇಕು ಎಂದಷ್ಟೇ ಹೇಳಿ ಉಗ್ರಾಣದಿಂದ ಒಂದು ಹಳೆಯ ಮೀಟರು ತೆಗೆದುಕೊಂಡು ಹೋಗಿ, ಅದನ್ನು ಗೂಡಿನೊಳಗೆ ಕಾಯಮ್ಮಾಗಿ ಕೂರಿಸಿದಳು. ಇನ್ನು ಬಾಗಿಲು ತೆಗೆದು ನೋಡಿದರೆ ಸಾಕು. ಮೇಲೆ ಬಲ್ಬು ಮಿಣುಕುವುದಿಲ್ಲ.

ಮರುದಿನ ಎರಡೂವರೆಗೆ ಹೋದಳು. ಮಂಜು ಹಾಗೇ ಇತ್ತು. ಮುಳ್ಳು ಇಪ್ಪತ್ತೇಳರಲ್ಲಿ ಗಟ್ಟಿಯಾಗಿ ನಿಂತಿತ್ತು. ಅರವತ್ತು ವಾಟಿನ ಬಲ್ಬು, ಎಂಟುನೂರ ಹದಿನೈದು ಓಮ್. ಬಾಗಿಲು ಮುಚ್ಚಿದ ಮನೆಯೊಳಗೆ ಹಗಲಲ್ಲೂ ಉರಿಯುವ ದೀಪ. ಮೂರು ಗಂಟೆಗೆ ಸರಿಯಾಗಿ ಮುಳ್ಳು ಚಿಮ್ಮಿ ನಾಲ್ಕು ಬಿಂದು ಅರವತ್ತೇಳಕ್ಕೆ ಹೋಯಿತು.

ಬಲ್ಬಿನ ಪಾಲು ಕಳೆದಳು. ಉಳಿದದ್ದು ನಾಲ್ಕು ಬಿಂದು ನಾಲ್ಕು ಆಂಪಿಯರು. ಇನ್ನೂರಿಪ್ಪತ್ತನ್ನು ಅದರಿಂದ ಭಾಗಿಸಿದರೆ ಐವತ್ತು ಓಮ್. ಬೆಟ್ಟ ಹತ್ತಿ ಇಳಿಯುವ ತಂತಿಯದ್ದೇ ಒಂದು ಓಮ್, ಅದನ್ನೂ ಕಳೆದಳು. ನಲವತ್ತೊಂಬತ್ತು.

ಪೆನ್ಸಿಲು ಅಲ್ಲೇ ನಿಂತಿತು.

ನಮ್ಮ ಕಡೆ ಎಲ್ಲರ ಮನೆಯಲ್ಲಿದ್ದದ್ದು ಒಂದೇ ಬಗೆಯ ಕರೆಂಟು ಒಲೆ: ಪಿಂಗಾಣಿ ಬಿಲ್ಲೆಯ ಗೀರಿನಲ್ಲಿ ಸುರುಳಿ ತಂತಿ, ಎಂಟುನೂರು ವಾಟ್, ಅರವತ್ತು ಓಮ್. ನಲವತ್ತೊಂಬತ್ತು ಓಮಿನ ಒಲೆಯನ್ನು ಯಾರೂ ಮಾರುವುದಿಲ್ಲ. ಅಂಥದ್ದು ವೆಲಿಕಾಳಿಗೆ ಗೊತ್ತಿದ್ದದ್ದು ಒಂದೇ ಒಂದು. ನಾಲ್ಕು ವರ್ಷದ ಹಿಂದೆ ಸ್ತಾನಾಳ ಒಲೆಯ ಸುರುಳಿ ತುಂಡಾಗಿತ್ತು. ವೆಲಿಕಾ ಸುಟ್ಟ ತುದಿಯನ್ನು ಕತ್ತರಿಸಿ ಎಸೆದು, ಉಳಿದದ್ದನ್ನು ಎಳೆದು ಬಿಗಿದು, ಕೊನೆಗೆ ಅಳೆದು ನೋಡಿದ್ದಳು. ಇನ್ನು ಮೇಲೆ ಕಾಫಿ ಬೇಗ ಕುದಿಯುತ್ತದೆ ಎಂದದ್ದಕ್ಕೆ ಮುದುಕಿ ನಂಬಿರಲಿಲ್ಲ.

"ತಂತಿ ಕತ್ತರಿಸಿ ಗಿಡ್ಡ ಮಾಡಿದೀಯ, ಶಾಖ ಜಾಸ್ತಿ ಆಗುತ್ತೆ ಅಂತೀಯ. ನನ್ನ ಕಿವಿಗೆ ಹೂ ಇಡ್ಬೇಡ್ವೇ."

"ತಡೆ ಕಮ್ಮಿ ಆಯ್ತಲ್ಲ ಅತ್ತೆ, ಕರೆಂಟು ಜಾಸ್ತಿ ನುಗ್ಗುತ್ತೆ. ನೋಡ್ತಾ ಇರು."

ಸ್ತಾನಾ ಮಧ್ಯಾಹ್ನ ಮೂರಕ್ಕೆ ಕಾಫಿ ಇಡುತ್ತಿದ್ದಳು. ಮೂರು ಅಂದರೆ ಮೂರು.

ಸತ್ತವರು ಕರೆಂಟು ಎಳೆಯುವುದಿಲ್ಲ ಎಂದು ವೆಲಿಕಾ ತನಗೆ ತಾನೇ ಗಟ್ಟಿಯಾಗಿ ಹೇಳಿಕೊಂಡಳಂತೆ. ಗೂಡಿನೊಳಗೆ ತನ್ನದೇ ಧ್ವನಿ ಕೇಳಿ ಇನ್ನಷ್ಟು ಹೆದರಿದಳು. ಎಂಟು ನಿಮಿಷಕ್ಕೆ ಮುಳ್ಳು ಇಳಿದು ಮತ್ತೆ ಇಪ್ಪತ್ತೇಳಕ್ಕೆ ಬಂತು. ವೆಲಿಕಾ ಕೋಟಿನ ಜೇಬಿನಲ್ಲಿ ಕೀಲಿ ಇದೆಯೇ ಎಂದು ಮುಟ್ಟಿ ನೋಡಿ, ಕಾಲುದಾರಿ ಹಿಡಿದು ಹತ್ತಿದಳು.

ಇಪ್ಪತ್ತು ನಿಮಿಷದ ದಾರಿ. ಹಳ್ಳಿಯೊಳಗೆ ನಾಯಿಯ ಸದ್ದೂ ಇರಲಿಲ್ಲ. ಅಕ್ರೋಟು ಮರಗಳ ಕೆಳಗೆ ಆಯುವವರಿಲ್ಲದ ಕಾಯಿಗಳು ಕಪ್ಪಗೆ ಕೊಳೆತು ಬಿದ್ದಿದ್ದವು; ಬೂಟಿನಡಿ ಒಂದು ಒಡೆದಾಗ ಆಕೆ ಅರ್ಧ ನಿಮಿಷ ಉಸಿರು ಹಿಡಿದು ನಿಂತಳು. ಕಿಟಕಿಗಳಿಗೆಲ್ಲ ಹಲಗೆ. ನಮ್ಮ ಕಡೆಯ ರೂಢಿಯಂತೆ ಸ್ತಾನಾಳ ಬಾಗಿಲಿಗೆ ಅಂಟಿಸಿದ್ದ ಸಾವಿನ ಸುದ್ದಿಯ ಕಾಗದ ಹಾಗೇ ಇತ್ತು. ಅದರ ಮೇಲಿನ ಫೋಟೋ ಮಳೆಗೆ ತೊಳೆದು, ಕಣ್ಣು ಮತ್ತು ತಲೆವಸ್ತ್ರದ ಅಂಚು ಮಾತ್ರ ಉಳಿದಿತ್ತು. ಬೀಗ ತಾನು ಹಾಕಿದ್ದೇ. ಬೀಗದಿಂದ ಚೌಕಟ್ಟಿಗೆ ಒಂದು ಜೇಡ ಬಲೆ ಕಟ್ಟಿತ್ತು, ಬಲೆಯ ತುಂಬ ಮಂಜಿನ ಹನಿ. ಈ ಬಾಗಿಲನ್ನು ತಿಂಗಳುಗಟ್ಟಲೆ ಯಾರೂ ತೆಗೆದಿಲ್ಲ.

ಆಕೆ ಬಲೆ ಸರಿಸಿ ಬೀಗ ತೆಗೆದಳು.

ಒಳಗೆ ಅಡುಗೆಮನೆಯಲ್ಲಿ ಬಲ್ಬು ಉರಿಯುತ್ತಿತ್ತು. ನೆಲ ಗುಡಿಸಿತ್ತು. ಒಲೆಯ ಬಿಲ್ಲೆಯ ಮೇಲೆ ಕೈಯಿಟ್ಟಳು, ಉಗುರುಬೆಚ್ಚಗಿತ್ತು. ಮೇಜಿನ ಮೇಲೆ ಎರಡು ಲೋಟ ಕಾಫಿ, ಎದುರುಬದುರು. ಒಂದು ಅರ್ಧ ಕುಡಿದದ್ದು. ಇನ್ನೊಂದು ಮುಟ್ಟದೆ ತುಂಬಿಯೇ ಇತ್ತು, ಅದರ ಮುಂದೆ ಕುರ್ಚಿಯನ್ನು ಯಾರೋ ಕೂರಲೆಂದು ಎಳೆದಿಟ್ಟ ಹಾಗಿತ್ತು.

ತನಗಾಗಿಯೇ ಇಟ್ಟದ್ದು ಎಂದು ಆಕೆಗೆ ಅನ್ನಿಸಿತು. ಓಡಿಹೋಗಬೇಕಿತ್ತು, ಆದರೆ ಕೂತಳು. ಕೂತ ಮೇಲೆ ಕುಡಿದಳು. ಮೂರು ಚಮಚ ಸಕ್ಕರೆ ಹಾಕಿದ ಕಾಫಿ. ಅಷ್ಟು ಸಿಹಿ ಕುಡಿಯುತ್ತಿದ್ದವಳು ಆ ಬೆಟ್ಟದಲ್ಲೆಲ್ಲ ಸ್ತಾನಾ ಒಬ್ಬಳೇ. ಗಸಿಯವರೆಗೂ ಕುಡಿದು, ಚಿಕ್ಕಂದಿನಲ್ಲಿ ಅತ್ತೆ ಕಲಿಸಿದ ಹಾಗೆ ಲೋಟವನ್ನು ತಟ್ಟೆಯ ಮೇಲೆ ಬೋರಲು ಹಾಕಿದಳು. ಗಸಿ ಇಳಿದು ಮೂಡುವ ಚಿತ್ರ ನೋಡಿ ಭವಿಷ್ಯ ಹೇಳುವುದು ನಮ್ಮಲ್ಲಿ ಎಲ್ಲ ಹೆಂಗಸರ ರೂಢಿ. ಚಿತ್ರ ನೋಡುವ ಧೈರ್ಯ ಅಂದು ಆಕೆಗಿರಲಿಲ್ಲ. ಎದ್ದು ಹೊರಗೆ ಬಂದು, ಬೀಗ ಹಾಕಿ, ಹಿಂತಿರುಗಿ ನೋಡದೆ ಇಳಿದಳು.

ಹೊರಡುವ ಮುಂಚೆ ಒಂದು ವಸ್ತು ಮಾತ್ರ ಕಣ್ಣಿಗೆ ಬಿದ್ದಿತ್ತು. ಬಾಗಿಲ ಮೊಳೆಗೆ ಒಂದು ತಲೆವಸ್ತ್ರ ತೂಗುತ್ತಿತ್ತು, ಬಿಳಿಯದು, ಅಂಚಿಗೆ ಸಣ್ಣ ಹೂವು ಹೆಣೆದದ್ದು. ಮುಸ್ಲಿಮ್ ಹೆಂಗಸರು ಕಟ್ಟುವಂಥದ್ದು. ಆ ವರ್ಷ ನಮ್ಮ ಬೆಟ್ಟಗಳಲ್ಲಿ ಸರ್ಕಾರದವರು ಮುಸ್ಲಿಮರ ಹೆಸರನ್ನು ಬಲವಂತವಾಗಿ ಬದಲಿಸುತ್ತಿದ್ದರು. ಊರಿಂದೂರಿಗೆ ಹೋಗಿ ಹಳೆಯ ಗುರುತುಪತ್ರ ಕಸಿದು ಹೊಸ ಹೆಸರಿನದ್ದು ಕೊಡುತ್ತಿದ್ದರು. ಒಲ್ಲದವರು ಕಾಡು ಸೇರಿದ್ದಾರೆಂದು ಮಾತಿತ್ತು. ಕೆಳಗೆ ಇಳಿಯುವಷ್ಟರಲ್ಲಿ ವೆಲಿಕಾ ತನಗೆ ಸಮಾಧಾನ ಹೇಳಿಕೊಂಡಿದ್ದಳು: ಇದು ಯಾರೋ ಬದುಕಿರುವವರೇ. ಆದರೆ ಬೀಗದ ಮೇಲಿನ ಜೇಡರ ಬಲೆಯೂ ಮೂರು ಚಮಚ ಸಕ್ಕರೆಯೂ ಆ ಲೆಕ್ಕಕ್ಕೆ ಸೇರಲಿಲ್ಲ.

ವರದಿಯಲ್ಲಿ ಹೀಗೆ ಬರೆದಳು: ಒದ್ದೆ ಪಿಂಗಾಣಿಯಲ್ಲಿ ಸೋರಿಕೆ, ಅರವತ್ತು ವಾಟ್. ಜಾರುವ ನೆಲದಲ್ಲಿ ಚಳಿಗಾಲ ಕಂಬ ಬಿಚ್ಚುವುದು ಅಪಾಯ, ಮೇ ತಿಂಗಳವರೆಗೆ ಮುಂದೂಡುವುದು ಒಳ್ಳೆಯದು.

ನೈದೆನ್ ಓದಿ, ಕನ್ನಡಕ ತೆಗೆದು, ನನ್ನ ಎದುರಿಗೇ ಕೇಳಿದ. "ವೆಲಿಕಾ, ಮೂರು ಗಂಟೆಗೆ ಸರಿಯಾಗಿ ಸೋರೋ ಪಿಂಗಾಣಿ ನಾನಂತೂ ನೋಡಿಲ್ಲ." ಹಳ್ಳಿಯ ಮೀಟರು ಮೂರಕ್ಕೆ ಜೋರಾಗಿ ತಿರುಗುವುದನ್ನು ಅವನೂ ಕಂಡಿದ್ದ.

"ನೀವು ಎಷ್ಟು ಕಂಬ ಹತ್ತಿ ನೋಡಿದೀರಿ, ಸರ್?" ಎಂದಳು ಆಕೆ.

ಅವನು ಮತ್ತೆ ಕನ್ನಡಕ ಹಾಕಿಕೊಂಡ. ಆಮೇಲೆ ಸಹಿ ಹಾಕಿ ಕಾಗದ ನನ್ನ ಕಡೆ ತಳ್ಳಿದ. ಅವನಿಗೆ ಎಷ್ಟು ಗೊತ್ತಿತ್ತೋ ನನಗೆ ಇಂದಿಗೂ ತಿಳಿಯದು. ಆ ಚಳಿಗಾಲ ಆ ವಿಷಯ ಮತ್ತೆ ಎತ್ತಲಿಲ್ಲ.

ವೆಲಿಕಾಳ ಬಸ್ಸು ಸೇತುವೆಯ ಹತ್ತಿರವೇ ನಿಲ್ಲುತ್ತಿತ್ತು. ದಿನವೂ ಮೂರಕ್ಕೆ ಹೇಗೋ ಅಲ್ಲಿಗೆ ಹೋಗುವ ಕೆಲಸ ಹುಡುಕಿಕೊಳ್ಳುತ್ತಿದ್ದಳು. ಹಿಮ ಬಿದ್ದು ದಾರಿ ಮುಚ್ಚಿತು, ಮೇಲೆ ಹೋಗುವ ಮಾತೇ ಇರಲಿಲ್ಲ. ಆದರೆ ಮುಳ್ಳು ಏಳುತ್ತಿತ್ತು. ನಾಲ್ಕು ಬಿಂದು ನಾಲ್ಕು, ಎಂಟು ನಿಮಿಷ. ತನ್ನ ಸಣ್ಣ ಪುಸ್ತಕದಲ್ಲಿ ದಿನಾಂಕದ ಮುಂದೆ ಅಂಕಿ ಬರೆದು ಒಂದು ಗೀಟು ಎಳೆದು ಬರುತ್ತಿದ್ದಳು. ಜನವರಿಯಲ್ಲಿ ಎರಡು ದಿನ ಏಳಲಿಲ್ಲ. ಆ ಎರಡು ದಿನ ಆಕೆ ಕಚೇರಿಯಲ್ಲಿ ಯಾರ ಜೊತೆಯೂ ಮಾತಾಡಲಿಲ್ಲ, ನನಗೆ ನೆನಪಿದೆ, ಹಲ್ಲುನೋವು ಎಂದಿದ್ದಳು. ಮೂರನೆಯ ದಿನ ಮತ್ತೆ ಎದ್ದಿತು. ಏಪ್ರಿಲ್ ಹತ್ತೊಂಬತ್ತರ ನಂತರ ಪೂರ್ತಿ ನಿಂತಿತು. ಮೇ ತಿಂಗಳಲ್ಲಿ ನಮ್ಮವರು ಹೋಗಿ ತಂತಿ ಬಿಚ್ಚಿ ತಂದರು. ಮೇಲೆ ಯಾರೂ ಇರಲಿಲ್ಲ ಎಂದರು.

ಇದೆಲ್ಲ ನನಗೆ ತಿಳಿದದ್ದು ಹದಿನೆಂಟು ವರ್ಷದ ಮೇಲೆ. ಎಂಬತ್ತಾರರಲ್ಲಿ ವೆಲಿಕಾ ನಿವೃತ್ತಳಾಗಿದ್ದಳು. ತೊಂಬತ್ತರ ಸೆಪ್ಟೆಂಬರಿನ ಒಂದು ದಿನ ಆಕೆಯ ಮನೆಯ ಹಿತ್ತಿಲಲ್ಲಿ ಇಬ್ಬರೂ ಅವರೆ ಸುಲಿಯುತ್ತಿದ್ದೆವು. ಗೇಟಿನ ಹತ್ತಿರ ಒಬ್ಬ ಮುದುಕಿ ಬಂದು ನಿಂತಳು, ಕೈಯಲ್ಲಿ ಕಾಡು ಸ್ಟ್ರಾಬೆರಿ ಜಾಮಿನ ಸೀಸೆ. ವೆಲಿಕಾ ಒಂದು ಗಳಿಗೆ ನೋಡಿ ಗುರುತಿಸಿದಳು. ಜೆಮಿಲೆ, ಸ್ತಾನಾಳ ಗೋಡೆಗೆ ಗೋಡೆ ಅಂಟಿದ ಮನೆಯವಳು. ಹಳ್ಳಿ ಖಾಲಿಯಾದಾಗ ಮಗಳ ಊರಿಗೆ ಹೋದಳೆಂದು ಎಲ್ಲರೂ ತಿಳಿದಿದ್ದರು.

ಅವಳು ಕೂರುವ ಮೊದಲೇ ಹೇಳಿದಳು. "ವೆಲಿಕಾ, ನಿನ್ನ ಹತ್ತಿರ ಕ್ಷಮೆ ಕೇಳ್ಕೊಂಡು ಹೋಗೋಣ ಅಂತ ಬಂದೆ, ಮಗಳೇ. ನಿಮ್ಮತ್ತೆ ಮನೇಲಿ ಒಂದು ಚಳಿಗಾಲ ಕದ್ದು ಇದ್ದೆ. ಸಾಯೋಕೆ ಮುಂಚೆ ಇದೊಂದು ತೀರಿಸ್ಕೋಬೇಕು."

ವೆಲಿಕಾ ಅವಳ ಕೈ ಹಿಡಿದು ಕೂರಿಸಿದಳು. ಉಳಿದದ್ದನ್ನು ಜೆಮಿಲೆ ನಿಧಾನವಾಗಿ ಹೇಳಿದಳು. ತನ್ನ ಮನೆಯ ಸೂರು ಬಿದ್ದಿತ್ತು. ಎರಡು ಮನೆಗಳ ಕೊಟ್ಟಿಗೆಯ ನಡುವೆ, ಬಾಗಿ ನುಗ್ಗುವಷ್ಟು ಸಣ್ಣದೊಂದು ಬಾಗಿಲಿತ್ತು; ಅವಳೂ ಸ್ತಾನಾಳೂ ನಲವತ್ತು ವರ್ಷ ರೊಟ್ಟಿ, ಕೆಂಡ, ಉಪ್ಪು ಸಾಗಿಸಿದ ಬಾಗಿಲು. ಅದರಿಂದಲೇ ಓಡಾಡಿದಳು. ಮಧ್ಯಾಹ್ನ ಮೂರಕ್ಕೆ ಇಬ್ಬರೂ ಕೂಡಿ ಕಾಫಿ ಕುಡಿಯುತ್ತಿದ್ದದ್ದು ರೂಢಿ. ಒಬ್ಬಳೇ ಆದ ಮೇಲೂ ಎರಡು ಲೋಟ ತುಂಬಿಸುತ್ತಿದ್ದಳು. ಒಂದು ತನಗೆ, ಒಂದು ಸ್ತಾನಾಳಿಗೆ, ಅವಳ ಮೂರು ಚಮಚ ಸಕ್ಕರೆ ಹಾಕಿ.

"ಹುಚ್ಚು ಅನ್ನು. ಒಂಟಿಯಾಗಿದ್ರೆ ಯಾರ್ಗಾದ್ರೂ ಹುಚ್ಚು ಹಿಡಿಯುತ್ತೆ. ನವೆಂಬರಲ್ಲಿ ಒಂದಿನ, ಇನ್ನು ಆಗಲ್ಲ, ನಾಳೆ ಕೆಳಗಿಳಿದು ಹೋಗಿ ಹೆಸರು ಬದಲಿಸೋ ಆ ಕಾಗದಕ್ಕೆ ಸಹಿ ಹಾಕ್ಬಿಡ್ತೀನಿ ಅಂತ ತೀರ್ಮಾನ ಮಾಡಿದ್ದೆ. ಕಾಫಿ ಅರ್ಧಕ್ಕೆ ಬಿಟ್ಟು ಬುಗ್ಗೆಗೆ ನೀರಿಗೆ ಹೋದೆ. ವಾಪಸ್ ಬಂದೆ. ಬಾಗಿಲಿಗೆ ಬೀಗ ಹಾಕಿದ್ದು ಹಾಕಿದ ಹಾಗೇ ಇದೆ. ಸ್ತಾನಾಳ ಲೋಟ ಖಾಲಿ. ತಟ್ಟೆ ಮೇಲೆ ಬೋರಲು ಹಾಕಿದೆ, ಅವಳು ಹಾಕ್ತಿದ್ದ ಹಾಗೇ."

ನಾನು ಅವರೆಕಾಯಿ ಕೈಯಲ್ಲಿ ಹಿಡಿದು ಹಾಗೇ ಕೂತಿದ್ದೆ. ವೆಲಿಕಾ ತಲೆ ಎತ್ತದೆ ಇನ್ನೊಂದು ಕಾಯಿ ಸುಲಿದಳು.

"ಹೆದರ್ಕೊಂಡ್ಯಾ?" ಎಂದು ಕೇಳಿದಳು.

"ಮೊದಲು ಹೆದರ್ಕೊಂಡೆ. ಆಮೇಲೆ ಲೋಟ ಎತ್ತಿ ನೋಡಿದೆ. ಗಸೀಲಿ ಒಂದು ದಾರಿ ಮೂಡಿತ್ತು, ಉದ್ದಕ್ಕೆ, ಎಲ್ಲೂ ಕಡಿದಿರ್ಲಿಲ್ಲ. ಇರು ಅಂತಿದಾಳೆ ಅಂದ್ಕೊಂಡೆ. ಅದಾದ್ಮೇಲೆ ನಂಗೆ ಆ ಮನೇಲಿ ಒಂದಿನಾನೂ ಭಯ ಆಗ್ಲಿಲ್ಲ. ಜನವರೀಲಿ ಜ್ವರ ಬಂದು ಎರಡು ದಿನ ಏಳೋಕಾಗ್ಲಿಲ್ಲ, ಆಗ್ಲೂ ಭಯ ಆಗ್ಲಿಲ್ಲ."

ಆಮೇಲೆ ಮಗಳಿಗೆ ಹೆರಿಗೆ ಹತ್ತಿರ ಬಂತೆಂದು ಇಳಿದು ಹೋದಳಂತೆ. ಅಲ್ಲಿ ಹಿಡಿದು ಸಹಿ ಹಾಕಿಸಿದರು. ಹದಿನೇಳು ವರ್ಷ ಅವಳನ್ನು ಯೂಲಿಯಾ ಎಂದು ಕರೆದರು. ತೊಂಬತ್ತರ ಬೇಸಿಗೆಯಲ್ಲಷ್ಟೇ ಹಳೆಯ ಹೆಸರು ವಾಪಸು ಸಿಕ್ಕಿತ್ತು.

"ಯಾವಾಗ ಇಳಿದೆ?" ವೆಲಿಕಾ ಕೇಳಿದಳು.

"ಮಾರ್ಚ್ ಮೂರು."

"ಏಪ್ರಿಲ್ ಇರಬೇಕು, ಜೆಮಿಲಕ್ಕ. ನೆನಪು ಮಾಡ್ಕೊ."

"ಮೊಮ್ಮಗ ಹುಟ್ಟಿದ್ದು ಮಾರ್ಚ್ ಎಂಟಕ್ಕೆ, ನನ್ನ ಕೈಯಲ್ಲೇ. ಅದನ್ನ ಮರೀತೀನಾ? ಆಮೇಲೆ ಆ ಹಳ್ಳಿ ಕಡೆ ಕಾಲಿಟ್ಟಿಲ್ಲ."

ವೆಲಿಕಾ ಎದ್ದು ಒಳಗೆ ಹೋದಳು. ಕಾಫಿ ಮಾಡಿ ಕೊಟ್ಟಳು, ಕ್ಷಮಿಸುವಂಥದ್ದೇನೂ ಇಲ್ಲ ಎಂದಳು, ಸಂಜೆಯ ಬಸ್ಸಿನವರೆಗೆ ಕೈ ಹಿಡಿದು ನಡೆಸಿಕೊಂಡು ಹೋಗಿ ಬಿಟ್ಟು ಬಂದಳು. ಆ ಕಾಫಿ ಕುಡಿದವಳು ತಾನೆಂದು ಹೇಳಲೇ ಇಲ್ಲ. ಬಂದ ಮೇಲೆ ನನ್ನನ್ನು ಒಳಗೆ ಕರೆದು ಇಷ್ಟೂ ಕತೆಯನ್ನು ಹೇಳಿ, ಕಪಾಟಿನಿಂದ ಆ ಸಣ್ಣ ಪುಸ್ತಕ ತೆಗೆದು ಮುಂದಿಟ್ಟಳು.

ಪೆನ್ಸಿಲಿನ ಬರಹ, ಒಂದೂ ತಿದ್ದಿಲ್ಲ. ಮಾರ್ಚ್ ಮೂರರವರೆಗೆ ಎರಡು ಅಂಕಿ ಇತ್ತು, ಬಲ್ಬಿನದ್ದು ಮತ್ತು ಒಲೆಯದ್ದು. ನಾಲ್ಕರಿಂದ ಬಲ್ಬಿನ ಅಂಕಿ ಇಲ್ಲ. ಹಗಲು ಉದ್ದವಾಯಿತು, ಕಿಟಕಿಯ ಹಲಗೆ ತೆಗೆದಿರಬೇಕು ಎಂದು ಆಗ ಅಂದುಕೊಂಡಿದ್ದಳಂತೆ. ಆದರೆ ಮೂರು ಗಂಟೆಯ ನಾಲ್ಕು ಬಿಂದು ನಾಲ್ಕು ಮುಂದುವರಿದಿತ್ತು. ಎಂಟು ನಿಮಿಷ, ಗೀಟು. ಎಂಟು ನಿಮಿಷ, ಗೀಟು. ಏಪ್ರಿಲ್ ಹತ್ತೊಂಬತ್ತರವರೆಗೆ ನಲವತ್ತೇಳು ದಿನ.

"ಇನ್ಯಾರೋ ಬಂದು ಸೇರ್ಕೊಂಡಿರ್ಬಹುದು, ವೆಲಿಕಕ್ಕ. ಕಾಡಲ್ಲಿ ಇನ್ನೂ ಜನ ಇದ್ರಲ್ಲ" ಎಂದೆ.

"ಇರಬಹುದು" ಎಂದಳು. ಪುಸ್ತಕ ಮುಚ್ಚಿ, "ದೀಪ ಬೇಡದವರು" ಎಂದಳು.

ಅದಾದ ಮೇಲೆ ಜೆಮಿಲೆ ಪ್ರತಿ ವರ್ಷ ಸೆಪ್ಟೆಂಬರಿನಲ್ಲಿ ಬರುತ್ತಿದ್ದಳು. ಇಬ್ಬರೂ ಕೂಡಿ ಮೆಣಸಿನಕಾಯಿ ಸುಟ್ಟು ಸೀಸೆಗೆ ತುಂಬುತ್ತಿದ್ದರು, ಸೊಸೆಯರನ್ನು ಬೈಯುತ್ತಿದ್ದರು, ನಗುತ್ತಿದ್ದರು. ವೆಲಿಕಾಳಿಗೆ ಸೊಸೆಯಿಲ್ಲದ್ದರಿಂದ ನನ್ನ ಸೊಸೆಯನ್ನು ಬೈಯುತ್ತಿದ್ದಳು. ಆ ನಲವತ್ತೇಳು ದಿನಗಳ ಮಾತನ್ನು ಒಮ್ಮೆಯೂ ತೆಗೆಯಲಿಲ್ಲ. ತೆಗೆಯಬಾರದೆಂದು ನನಗೂ ಹೇಳಿದ್ದಳು. ಜೆಮಿಲೆ ತೀರಿಕೊಂಡದ್ದು ತೊಂಬತ್ತೇಳರಲ್ಲಿ, ತನ್ನ ಸ್ವಂತ ಹೆಸರಿನಲ್ಲಿ. ವೆಲಿಕಾ ಆ ಊರಿಗೆ ಹೋಗಿ ಮಣ್ಣು ಹಾಕಿ ಬಂದಳು. ಮೂರು ವರ್ಷದ ನಂತರ ತಾನೂ ಹೋದಳು. ಸ್ಕಾಲಿತ್ಸಾದ ಆ ಸಾಲಿನ ಮನೆಗಳು ಈಗ ಇಲ್ಲ. ಹೋದ ವರ್ಷದ ಮಳೆಗೆ ಗುಡ್ಡದ ಆ ಮಗ್ಗುಲು ಪೂರ್ತಿ ಜಾರಿ ಹೊಳೆಗೆ ಬಿತ್ತು, ನೀರು ಒಂದು ವಾರ ಕೆಂಪಗೆ ಹರಿಯಿತು.